ಕೆಟಲ್ಲಿನ ಹಬೆಗೆ ಬಂದ ಅಂಕಗಳು

ಸಂಶೋಧನಾ ಪ್ರಭಾವ ಮೌಲ್ಯಮಾಪನ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಲೇಸರ್ ಮೇಜನ್ನು ಶುಕ್ರವಾರ ಬಿಚ್ಚಿ ಒಯ್ಯುವುದಾಗಿ ತಿಳಿಸಿದ್ದೀರಿ. ನನ್ನ ಸಂಶೋಧನೆಯನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಸಾಕಷ್ಟು ಉಲ್ಲೇಖಿಸಿಲ್ಲವಂತೆ, ಹಾಗಾಗಿ ನನ್ನ ಅಂಕ ಕಡಿಮೆಯಂತೆ. ಓದಿದಾಗ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯಂತಾಗಿದ್ದೇನೆ. ಏನೋ ಎಳೆಯುತ್ತಿದ್ದಾರೆ ಎಂದು ತಿಳಿಯುತ್ತದೆ, ನೋವು ಮಾತ್ರ ಇಲ್ಲ.

ನಾನು ಮಾಡುವ ಕೆಲಸ ಏನೆಂದು ನಿಮ್ಮ ವಿಭಾಗ ಯಾವತ್ತೂ ಕೇಳಿಲ್ಲ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಅನಿಲದೊಳಗೆ ಲೇಸರ್ ಬೆಳಕು ಹಾಯಿಸಿದರೆ ಆ ಅನಿಲ ತನಗೆ ಬೇಕಾದ ಬಣ್ಣವನ್ನಷ್ಟೇ ನುಂಗುತ್ತದೆ. ನುಂಗಿದ ಜಾಗ ಕಪ್ಪು ಗೆರೆಯಾಗಿ ಕಾಣುತ್ತದೆ. ಒಂದೊಂದು ಅನಿಲಕ್ಕೂ ಅದರದ್ದೇ ಗೆರೆಗಳಿವೆ, ಅವೇ ಅದರ ಗುರುತು. ಪಕ್ಕದ ಕೋಣೆಯ ಹಿರಿಯ ವಿಜ್ಞಾನಿಯೊಬ್ಬರು ಒಂದು ಅನಿಲದಲ್ಲಿ ಯಾರೂ ಕಾಣದ ಗೆರೆ ಕಂಡೆ ಎಂದು ಬರೆದರು. ಹೆಸರಾಯಿತು. ನಮ್ಮ ಮಹಡಿಗೆಲ್ಲ ಚಹಾಕ್ಕೆ ನೀರು ಕಾಯಿಸುವ ಕೆಟಲ್ ಇದ್ದದ್ದು ಅವರ ಲೇಸರ್ ಮೇಜಿನ ಹಿಂದಿನ ಕಿಟಕಿ ಕಟ್ಟೆಯ ಮೇಲೆ, ಏಕೆಂದರೆ ಬೇರೆ ಕಡೆ ಪ್ಲಗ್ ಕೆಲಸ ಮಾಡುತ್ತಿರಲಿಲ್ಲ. ಒಮ್ಮೆ ಆ ಕೆಟಲ್ ಕೆಟ್ಟು ರಿಪೇರಿಗೆ ಹೋಯಿತು. ಆ ವಾರ ಅವರ ಮೇಜಿನಲ್ಲಿ ಅಳತೆ ಮಾಡುತ್ತಿದ್ದವಳು ನಾನು. ಗೆರೆ ಸೊರಗಿತು. ಕೆಟಲ್ ಮರಳಿತು, ಗೆರೆಯೂ ಮೈತುಂಬಿಕೊಂಡು ಮರಳಿತು. ಬೆಳಕು ಅನಿಲದ ನಳಿಗೆಯನ್ನು ಮುಟ್ಟುವ ಮೊದಲು ಗೇಣುದ್ದ ಬಯಲು ಗಾಳಿ ದಾಟಬೇಕಿತ್ತು. ಅಲ್ಲಿ ತೇಲುತ್ತಿದ್ದ ನೀರಾವಿ ತನ್ನ ಪಾಲು ನುಂಗುತ್ತಿತ್ತು. ಜಗತ್ತು ಮೆಚ್ಚಿದ ಗೆರೆ ನಮ್ಮ ಚಹಾ ನೀರಿನದ್ದು.

ಹಿರಿಯರಿಗೆ ಮೊದಲು ತೋರಿಸಿ, ಅವರು ಒಪ್ಪಿದ ಮೇಲೆಯೇ ಅದನ್ನು ಪ್ರಕಟಿಸಿದೆ. ಎರಡು ಪುಟವೂ ತುಂಬದ ಲೇಖನ. ಅಲ್ಲಿಂದ ಮುಂದೆ ಆ ಅನಿಲದ ಬಗ್ಗೆ ಯಾರು ಬರೆದರೂ ಒಂದು ಸಾಲು ಕಟ್ಟಿಟ್ಟದ್ದು: ಹಿರಿಯರು ಹೀಗೆ ಹೇಳಿದ್ದರು, ಅದು ತಪ್ಪೆಂದು ಈಗ ಎಲ್ಲರಿಗೂ ಗೊತ್ತಿದೆ. ಹೇಳಿದ್ದರು ಎಂಬಲ್ಲಿ ಅವರ ಲೇಖನದ ಉಲ್ಲೇಖ. ಎಲ್ಲರಿಗೂ ಗೊತ್ತಿದೆ ಎಂಬಲ್ಲಿ ಯಾರ ಉಲ್ಲೇಖವೂ ಇಲ್ಲ. ಎಲ್ಲರಿಗೂ ಗೊತ್ತಾದ ಮೇಲೆ ಮೊದಲು ಗೊತ್ತು ಮಾಡಿಕೊಂಡವಳ ಹೆಸರೇಕೆ? ಉಲ್ಲೇಖ ಎಣಿಸಿ ಅಂಕ ಕೊಡುವ ನಿಮ್ಮ ಯಂತ್ರಕ್ಕೆ ಹೊಗಳಿಕೆ, ತೆಗಳಿಕೆ ಎರಡೂ ಒಂದೇ. ತಪ್ಪು, ತಪ್ಪು ಎಂದು ಲೋಕವೆಲ್ಲ ಹೇಳಿದಷ್ಟೂ ಅವರ ಅಂಕ ಏರಿತು. ನನ್ನದು ಇದ್ದಲ್ಲೇ ಇದೆ.

ಇದನ್ನೆಲ್ಲ ಅಕ್ಕನಿಗೆ ವಿವರಿಸಿದೆ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಅಂದ್ರೆ ಬೈಯೋಕೆ ಹೆಸರೆತ್ತಿದ್ರೂ ಲೆಕ್ಕಕ್ಕೆ ಬರುತ್ತಾ? ಹಾಗಿದ್ರೆ ನಿನ್ನ ಭಾವನಷ್ಟು ದೊಡ್ಡ ವಿಜ್ಞಾನಿ ಈ ಮನೇಲೇ ಇಲ್ಲ ಬಿಡು," ಎಂದಳು. ನಾನು ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ.

ಹೋದ ತಿಂಗಳು ತಾವು ಹಿರಿಯರಿಗೆ ಸನ್ಮಾನ ಮಾಡಿದಿರಿ. ನಾನೂ ಚಪ್ಪಾಳೆ ತಟ್ಟಿದೆ. ಒಳ್ಳೆಯ ಮನುಷ್ಯ, ನನಗೆ ಲೇಸರ್ ಹಿಡಿಯಲು ಕಲಿಸಿದವರು, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಹೊದಿಸಿದ ಶಾಲನ್ನು ಮಡಚಿ ಕಂಕುಳಲ್ಲಿ ಇರುಕಿಕೊಂಡು ನನ್ನ ಬಳಿ ಬಂದು ಮೆಲ್ಲಗೆ, "ಕೆಟಲ್‌ಗೆ ಹೊದಿಸಬೇಕಿತ್ತು ಕಣಮ್ಮ ಇದನ್ನ," ಎಂದರು. ಅವರ ಕಣ್ಣು ತುಂಬಿತ್ತು. ನಿಮ್ಮ ವಿಭಾಗಕ್ಕೆ ಎರಡು ಸಲ ಹೋಗಿ ನಡೆದದ್ದನ್ನು ಹೇಳಿ ಬಂದರಂತೆ. ಅಂಕ ಇಳಿಸಲು ವ್ಯವಸ್ಥೆಯಲ್ಲಿ ಅವಕಾಶವಿಲ್ಲ ಎಂದು ನಿಮ್ಮವರು ಸಮಾಧಾನ ಹೇಳಿ ಕಳಿಸಿದರಂತೆ.

ಈಗ ಶುಕ್ರವಾರದ ವಿಷಯ. ನಾನು ಅದೇ ಅನಿಲವನ್ನು, ಬೆಳಕಿನ ದಾರಿಯ ಗಾಳಿಯನ್ನೆಲ್ಲ ಹೊರದೂಡಿ, ಮತ್ತೆ ನೋಡುತ್ತಿದ್ದೇನೆ. ಹಿರಿಯರು ಹುಡುಕಿದ ಗೆರೆ ನಿಜಕ್ಕೂ ಇರುವಂತಿದೆ, ಮಾನ್ಯರೇ. ಅವರು ಹೇಳಿದ ಜಾಗದಲ್ಲಲ್ಲ, ಅಲ್ಲಿಂದ ತುಸು ಪಕ್ಕದಲ್ಲಿ, ಕೂದಲೆಳೆಯಷ್ಟು ತೆಳ್ಳಗೆ. ಒಮ್ಮೆ ಕಂಡರೆ ಸಾಲದು, ಮತ್ತೆ ಮತ್ತೆ ಕಾಣಬೇಕು, ಆಮೇಲೆಯೇ ಇದೆ ಎನ್ನಬಹುದು. ನಮ್ಮ ಕಸುಬಿನಲ್ಲಿ ಅವಸರ ಮಾಡಿದರೆ ಏನಾಗುತ್ತದೆ ಎಂಬುದನ್ನು ಮೇಲೆ ಹೇಳಿದ್ದೇನೆ. ಮೇಜು ಬಿಚ್ಚಿದರೆ ಬೆಳಕಿಗೆ ದಾರಿ ತೋರುವ ಅದರ ಕನ್ನಡಿಗಳನ್ನು ಮತ್ತೆ ಆ ಸ್ಥಿತಿಗೆ ತರಲು ನನ್ನ ಉಳಿದ ಸೇವಾವಧಿ ಸಾಲದು. ಆಗ ಆ ಗೆರೆ ಇದ್ದೂ ಇಲ್ಲದಂತೆ. ಅಂಕ ಬೇಡ, ಸನ್ಮಾನವೂ ಬೇಡ. ಅಳತೆ ಮುಗಿಯುವವರೆಗೆ ಮೇಜನ್ನು ಮುಟ್ಟಬೇಡಿ ಎಂಬುದಷ್ಟೇ ನನ್ನ ಬೇಡಿಕೆ.

ನಿಯಮ ಅಡ್ಡ ಬರುತ್ತದೆ ಎಂದಾದರೆ ನಿಯಮದೊಳಗೇ ಒಂದು ದಾರಿಯಿದೆ. ನಿಮ್ಮ ಮುಂದಿನ ವರದಿಗಳಲ್ಲಿ, ಪ್ರತಿಯೊಂದರಲ್ಲೂ, ನನ್ನ ಆ ಪುಟ್ಟ ಲೇಖನವನ್ನು ಉಲ್ಲೇಖಿಸಿ ಅದು ಶುದ್ಧ ತಪ್ಪು ಎಂದು ಬರೆಯಿರಿ. ನಾನು ಅಲ್ಲಗಳೆಯುವುದಿಲ್ಲ. ಮೇಜು ಉಳಿಯುವಷ್ಟು ಸಲ ತಪ್ಪು ಎನ್ನಿ, ಸಾಕು.

ಇಂತಿ,
ಎಲ್ಲರಿಗೂ ಗೊತ್ತಿರುವುದನ್ನು ಹೇಳಿದವಳು