ಏಳಡಿ ಅಂಜೂರದ ಮರವೊಂದರ ಕಡತ ಮುಚ್ಚುವ ಕುರಿತು

ನಮ್ಮ ಕೌಂಟಿಯ ನಾಗರಿಕ ಎಚ್ಚರಿಕೆ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯಲ್ಲಿ ಐದು ತಿಂಗಳಿಂದ ಒಂದು ಅಂಜೂರದ ಮರ ವಿಚಾರಣೆಯಲ್ಲಿದೆ. ಅದರಿಂದ ಮರಕ್ಕೇನೂ ತೊಂದರೆಯಿಲ್ಲ. ತೊಂದರೆ ಆಗಿರುವುದು ಅದನ್ನು ನೆಟ್ಟ ಮುನೀರ್ ಷಾಹೀನ್ ಅವರಿಗೆ. ಅವರು ನಮ್ಮ ಟಿಲ್ಡೆನ್ ಫೋರ್ಡ್ ಊರಿನ ಶಾಲಾ ಬಸ್ಸುಗಳ ಮೆಕ್ಯಾನಿಕ್. ಕಡತ ಮುಚ್ಚುವ ತನಕ ಅವರು ಬಸ್ ಶೆಡ್ಡಿಗೆ ಕಾಲಿಡುವಂತಿಲ್ಲ ಎಂದು ಶಾಲಾ ಮಂಡಳಿ ಹೇಳಿದೆ. ಅವರ ಮೇಲೆ ದೂರು ಕೊಟ್ಟ ಅವಿವೇಕಿ ನಾನೇ. ಆ ದೂರನ್ನು ವಾಪಸ್ ಕೊಡಿ ಎಂದು ಬೇಡಿಕೊಂಡರೂ ಕೊಡದೆ ಕೂತಿರುವವರು ತಾವು.

ನಾನು ಇಪ್ಪತ್ತಾರು ವರ್ಷ ಆರನೇ ನಂಬರಿನ ಶಾಲಾ ಬಸ್ಸು ಓಡಿಸಿದವಳು. ಅದರಲ್ಲಿ ಕೊನೆಯ ಹನ್ನೊಂದು ವರ್ಷ ನನ್ನ ಬ್ರೇಕು ನೋಡಿಕೊಂಡವರು ಮುನೀರ್. ಮೂವತ್ತೆಂಟು ಮಕ್ಕಳನ್ನು ಕೂರಿಸಿಕೊಂಡು ಹಿಮ ಬಿದ್ದ ಇಳಿಜಾರಿನಲ್ಲಿ ನಾನು ಕಾಲು ಒತ್ತುವಾಗ ನಂಬುತ್ತಿದ್ದದ್ದು ದೇವರನ್ನು ಮತ್ತು ಮುನೀರ್ ಅವರನ್ನು. ಪಾದ್ರಿಗಳು ಕೋಪ ಮಾಡಿಕೊಳ್ಳಬಾರದು, ದೇವರಿಗಿಂತ ಮುನೀರ್ ಅವರನ್ನೇ ಒಂದು ತೂಕ ಹೆಚ್ಚು. ಅವರ ಹಿತ್ತಲೂ ನನ್ನ ಹಿತ್ತಲೂ ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ. ಪ್ರತಿ ಆಗಸ್ಟಿನಲ್ಲಿ ಬೇಲಿಯ ಮೇಲಿಂದ ಒಂದು ಬಟ್ಟಲು ಅಂಜೂರ ನನ್ನ ಕೈಗೆ ಬರುತ್ತಿತ್ತು. ನಾನು ತಿಂದು ಬಟ್ಟಲು ತೊಳೆದು ವಾಪಸ್ ಕೊಡುತ್ತಿದ್ದೆ. ಒಹಾಯೊದ ಚಳಿಯಲ್ಲಿ ಆ ಮರ ಬದುಕುವುದಾದರೂ ಹೇಗೆ ಎಂದು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ವಿಮಾನ ಅಪ್ಪಳಿಸಿ ಆ ಅವಳಿ ಗೋಪುರಗಳು ಬಿದ್ದವು. ಆ ವಾರ ನಮ್ಮೂರು ಹೇಗಿತ್ತೆಂದು ತಮಗೆ ಹೇಳಬೇಕಾಗಿಲ್ಲ, ತಮ್ಮೂರೂ ಹಾಗೆಯೇ ಇದ್ದಿರಬೇಕು. ಎರಡನೇ ದಿನಕ್ಕೆ ಅಂಗಡಿಯಲ್ಲಿ ಬಾವುಟ ಮುಗಿದುಹೋಗಿ, ಕೊರಿಯಾ ಯುದ್ಧಕ್ಕೆ ಹೋಗಿ ಬಂದ ಡ್ವೇನ್ ಪ್ರಾಟ್ ತನ್ನ ಹೆಂಡತಿಯ ಹೊಸ ಹಾಸಿಗೆ ಹೊದಿಕೆಗೆ ಬಣ್ಣ ಬಳಿದು ಮನೆ ಮುಂದೆ ನೇತುಹಾಕಿದ. ಐವತ್ತಿರಬೇಕಾದ ನಕ್ಷತ್ರ ಐವತ್ಮೂರು ಆಗಿದ್ದವು. ರಕ್ತ ಕೊಡಲು ಹೋದೆವು, ಸಾಕಷ್ಟು ಬಂದಿದೆ, ಮನೆಗೆ ಹೋಗಿ ಎಂದು ಕಳಿಸಿದರು. ಆ ಸಾಲಿನಲ್ಲಿ ಮುನೀರ್ ನನ್ನ ಮುಂದೆಯೇ ನಿಂತಿದ್ದರು. ಚರ್ಚಿನ ಹೆಂಗಸರು ಇಪ್ಪತ್ತೆರಡು ಪಾತ್ರೆ ಆಲೂಗಡ್ಡೆ ಬೇಯಿಸಿಟ್ಟರು, ಕಳಿಸುವುದಕ್ಕೆ ಯಾರೂ ಸಿಗದೆ ನಾವೇ ಅಳುತ್ತಾ ತಿಂದೆವು. ಏನು ಮಾಡುವುದು ಸ್ವಾಮಿ, ಕಷ್ಟ ಬಂದಾಗ ಕೈ ಕಟ್ಟಿ ಕೂರುವುದು ನಮ್ಮ ಜನಕ್ಕೆ ಹುಟ್ಟಿನಿಂದಲೇ ಬಂದಿಲ್ಲ. ಏನಾದರೊಂದು ಮಾಡಲೇಬೇಕು.

ಅಷ್ಟರಲ್ಲಿ ತಮ್ಮ ಕಚೇರಿಯಿಂದ ಮನೆಮನೆಗೂ ಒಂದೊಂದು ಅಯಸ್ಕಾಂತದ ಬಿಲ್ಲೆ ಬಂತು. ಫ್ರಿಜ್ಜಿಗೆ ಅಂಟಿಸುವಂಥದ್ದು. 'ಅನುಮಾನ ಬಂದರೆ ತಿಳಿಸಿ' ಎಂದು ಬರೆದು ಕೆಳಗೆ ಫೋನ್ ನಂಬರು. ಹಾಲು ತೆಗೆಯುವಾಗೆಲ್ಲ ಓದಿದೆ. ದಿನಕ್ಕೆ ಹತ್ತು ಸಲ ಓದಿದರೆ ಅನುಮಾನ ಬರದೆ ಇರುತ್ತದೆಯೇ? ಬೇಸಿಗೆಯ ಬಿರುಗಾಳಿಗೆ ನಮ್ಮಿಬ್ಬರ ನಡುವಿನ ಬೇಲಿ ಬೇರೆ ಬಿದ್ದುಹೋಗಿತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ವಾರ, ನವೆಂಬರಿನಲ್ಲಿ, ಬೆಳಕು ಇಳಿಯುವ ಹೊತ್ತಿಗೆ, ಅಡುಗೆಮನೆ ಕಿಟಕಿಯಿಂದ ನೋಡಿದೆ. ಮುನೀರ್ ಉದ್ದನೆಯ ಹಳ್ಳ ತೋಡಿದ್ದರು. ಅದರಲ್ಲಿ ಗೋಣಿ ಸುತ್ತಿ ಹಗ್ಗ ಬಿಗಿದ, ಏಳಡಿ ಉದ್ದದ ಏನೋ ಒಂದು ಮಲಗಿತ್ತು. ಅದರ ಮೇಲೆ ಮೆಲ್ಲಗೆ ಮಣ್ಣೆಳೆಯುತ್ತಿದ್ದರು. ನಾನು ಫ್ರಿಜ್ಜಿನ ಹತ್ತಿರ ಹೋದೆ, ಹಾಲಿಗಲ್ಲ.

ತಮ್ಮವರಿಬ್ಬರು ಮಾರನೇ ದಿನವೇ ಬಂದು ಅಗೆದರು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ, ಇವರಿಗೆ ಇಲಿಯೂ ಸಿಗಲಿಲ್ಲ. ಇಬ್ಬರಲ್ಲಿ ಚಿಕ್ಕವನು ಗೋಣಿಯ ತುದಿ ಬಿಚ್ಚಿದವನೇ ನಕ್ಕುಬಿಟ್ಟನಂತೆ. ಇಟಲಿಯಿಂದ ಬಂದ ತನ್ನ ಅಜ್ಜನೂ ಪ್ರತಿ ವರ್ಷ ಹೀಗೇ ಬೇರಿನ ಒಂದು ಮಗ್ಗುಲು ಸಡಿಲಿಸಿ, ಮರವನ್ನು ಬಾಗಿಸಿ ಮಲಗಿಸಿ, ಚಳಿ ತಾಗದಂತೆ ಹೂಳುತ್ತಿದ್ದ, ವಸಂತದಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದ ಎಂದನಂತೆ. ಮತ್ತೆ ಮಣ್ಣು ಮುಚ್ಚಲು ಅವನೇ ಕೈ ಹಾಕಿದನಂತೆ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ತಮ್ಮ ನಮೂನೆಯಲ್ಲಿ 'ಆಯುಧ' ಎಂಬ ಕಾಲಂ ಇದೆ, 'ಸ್ಫೋಟಕ' ಎಂಬ ಕಾಲಂ ಇದೆ, 'ಮರ' ಎಂಬ ಕಾಲಂ ಇಲ್ಲ. ಹಾಗಾಗಿ ಕಡತ ತೆರೆದೇ ಇದೆ. ನನಗೆ ಮಾತ್ರ 'ಜಾಗೃತ ನಾಗರಿಕಳು' ಎಂಬ ಪ್ರಮಾಣಪತ್ರ ಅಂಚೆಯಲ್ಲಿ ಬಂತು.

ದೂರು ಹಿಂತೆಗೆದುಕೊಳ್ಳುತ್ತೇನೆ ಎಂದು ಮೂರು ಸಲ ಬರೆದೆ. ಮೂರಕ್ಕೂ ಒಂದೇ ಉತ್ತರ: 'ದಾಖಲಾದ ಮಾಹಿತಿಯನ್ನು ಹಿಂಪಡೆಯಲು ಅವಕಾಶವಿರುವುದಿಲ್ಲ. ಹೆಚ್ಚುವರಿ ಮಾಹಿತಿ ಇದ್ದಲ್ಲಿ ಸಲ್ಲಿಸಬಹುದು.' ಸರಿ, ಸಲ್ಲಿಸೋಣ ಎಂದುಕೊಂಡೆ. ಕಾಫಿ ಅಂಗಡಿಗೆ ಹೋಗಿ, ಅಂದು ಫೋನ್ ಮಾಡಿದವಳು ನಾನೇ ಎಂದು ಎಲ್ಲರ ಮುಂದೆ ಒಪ್ಪಿಕೊಂಡೆ. ಡ್ವೇನ್ ಕಾಫಿ ಲೋಟ ಕೆಳಗಿಟ್ಟು ಕೇಳಿದ, "ಹಳ್ಳ ಎಷ್ಟುದ್ದ ಅಂದ್ರಿ?"

ಕಳೆದ ಶನಿವಾರ ಟಿಲ್ಡೆನ್ ಫೋರ್ಡಿನ ಹಿತ್ತಲುಗಳಲ್ಲಿ ನಡೆದದ್ದು ತಮಗೆ ಆಗಲೇ ತಿಳಿದಿದೆ, ತಿಳಿಸಿದವರು ನಾವೇ. ಕೆಲವರು ಮೀನಿನ ಗಾಳದ ಕೋಲು ಹೂತರು, ಕೆಲವರು ಹಳೆಯ ಜಮಖಾನೆ ಸುತ್ತಿ ಹೂತರು. ಚರ್ಚಿನ ಹೆಂಗಸರು ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಮರವನ್ನೇ ಮಲಗಿಸಿದರು, ಅದೂ ಸರಿಯಾಗಿ ಏಳಡಿ. ಡ್ವೇನ್ ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪು ಹೂಳುತ್ತಿದ್ದಾಗ, ತಿಂಗಳುಗಟ್ಟಲೆ ಹೊರಗೆ ಬಾರದಿದ್ದ ಮುನೀರ್ ತಡೆಯಲಾರದೆ ಬೀದಿ ದಾಟಿ ಬಂದರು.

"ಇಷ್ಟು ಮೇಲೆ ಹೂತ್ರೆ ಚಳಿಗೆ ಸತ್ತೋಗತ್ತೆ ಕಣಯ್ಯ."

"ಇದು ಪೈಪು ಮುನೀರ್."

"ಏನಾದ್ರೂ ಆಗ್ಲಿ. ಹಳ್ಳ ತೋಡೋದಾದ್ರೆ ನೆಟ್ಟಗೆ ತೋಡು."

ಆಮೇಲೆ ಒಬ್ಬೊಬ್ಬರಾಗಿ ತಮ್ಮ ನಂಬರಿಗೆ ಫೋನ್ ಮಾಡಿ ನಮ್ಮ ಮೇಲೆ ನಾವೇ ದೂರು ಕೊಟ್ಟೆವು. ಒಂದೂ ಸುಳ್ಳಲ್ಲ, ಹೂತಿದ್ದು ಉಂಟು, ಉದ್ದವಾಗಿದ್ದದ್ದೂ ಉಂಟು. ಮಧ್ಯಾಹ್ನದ ಹೊತ್ತಿಗೆ ತಮ್ಮ ಫೋನೆತ್ತುವ ಹುಡುಗಿ, "ಅಮ್ಮಾ, ನಿಮ್ಮೂರಲ್ಲಿ ಇನ್ನೂ ಎಷ್ಟು ಜನ ಇದೀರಿ?" ಎಂದು ಕೇಳಿದಳು. ಆರುನೂರ ಹನ್ನೆರಡು ಎಂದೆ. ಪಾಪ, ಅವಳ ಮೇಲೆ ನಮಗೆ ಕೋಪವಿಲ್ಲ.

ಇದನ್ನು ದೇಶದ್ರೋಹವೆಂದು ತಾವು ಭಾವಿಸಬಹುದು. ಐವತ್ಮೂರು ನಕ್ಷತ್ರದ ಆ ಹೊದಿಕೆಯ ಕೆಳಗೇ ನಿಂತು ಡ್ವೇನ್ ಹಳ್ಳ ತೋಡಿದ. ದೇಶದ ಮೇಲೆ ದಾಳಿಯಾದರೆ ಪಕ್ಕದ ಮನೆಯವರ ಪಕ್ಕ ನಿಲ್ಲುವುದೇ ದೇಶಭಕ್ತಿ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಅದನ್ನು ಮರೆತವಳು ನಾನೊಬ್ಬಳೇ. ಮುನೀರ್ ದೇವರಂಥವರು ಎಂದು ನಾನು ಬರೆಯುವುದಿಲ್ಲ. ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆ, ರೇಡಿಯೊ ಜೋರಾಗಿ ಹಾಕುತ್ತಾರೆ. ಒಂದು ಮರ ಹೂಳುವುದಕ್ಕೆ ಮನುಷ್ಯ ಸಂತನಾಗಿರಬೇಕೇ?

ಊರಿಗೆ ಹೇಳುವ ಮೊದಲು ಅವರಿಗೆ ಹೇಳಲು ಹೋಗಿದ್ದೆ. ಬಾಗಿಲಲ್ಲೇ ನಿಂತು ಒಪ್ಪಿಕೊಂಡೆ. ಅವರಿಗೆ ಮೊದಲೇ ಗೊತ್ತಿತ್ತು, ಆ ಹಿತ್ತಲು ಕಾಣುವ ಕಿಟಕಿ ನನ್ನದೊಂದೇ.

"ಬೇಲಿನೂ ಇರ್ಲಿಲ್ವಲ್ಲ ವರ್ನಾ," ಎಂದರು. "ಒಂದು ಕೂಗು ಹಾಕಿದ್ರೆ ಸಾಕಿತ್ತು."

ಬಾಗಿಲು ಹಾಕಿಕೊಂಡರು, ಜೋರಾಗಿ ಅಲ್ಲ. ಜೋರಾಗಿ ಹಾಕಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಬರುವ ಶನಿವಾರ ಮುನೀರ್ ಮರ ಎಬ್ಬಿಸುತ್ತಾರೆ. ಹಗ್ಗ ಹಿಡಿಯಲು ನನ್ನನ್ನು ಕರೆದಿಲ್ಲ, ಆದರೂ ಹೋಗುತ್ತೇನೆ. ಅಷ್ಟರೊಳಗೆ ಕಡತ ಮುಚ್ಚಿದೆ ಎಂಬ ಒಂದೇ ಸಾಲಿನ ಕಾಗದ ಶಾಲಾ ಮಂಡಳಿಗೆ ತಲುಪಬೇಕು. ಸೋಮವಾರ ಬೆಳಿಗ್ಗೆ ಆರನೇ ನಂಬರಿನ ಬಸ್ಸಿನ ಕೆಳಗೆ ಅವರು ಮಲಗಿರಬೇಕು. ಈಗ ಅದು ಇಳಿಜಾರಿನಲ್ಲಿ ಕಿರುಚುವುದು ನನ್ನ ಅಡುಗೆಮನೆಗೇ ಕೇಳುತ್ತದೆ. ಇಲ್ಲವಾದರೆ ಸನಿಕೆ ಹಿಡಿದು ತಾವೇ ಬನ್ನಿ, ಇಡೀ ಊರು ಅಗೆಯುವುದಿದೆ. ತಮ್ಮ ಪ್ರಮಾಣಪತ್ರವನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಬಿಲ್ಲೆಯನ್ನು ಹೂತಿದ್ದೇನೆ.

ಇಂತಿ,
ಕೂಗುವ ಬದಲು ಫೋನ್ ಮಾಡಿದ,
ವರ್ನಾ ಶುಮೇಕರ್
ಟಿಲ್ಡೆನ್ ಫೋರ್ಡ್, ಒಹಾಯೊ
ಏಪ್ರಿಲ್ 2002