ಹತ್ತೂವರೆಗೆ ಬಂದ ದೂತ

ಎಪ್ರಿಲ್ 8, ಬುಧವಾರ. ಬೆಳಿಗ್ಗೆ

ಕಾಫಿ ಉಕ್ಕಿ ಒಲೆಯೆಲ್ಲ ಕಪ್ಪು. ತಪ್ಪು ನನ್ನದಲ್ಲ, ಫೋನಿನದು. ರೋಮಿನಿಂದ ಬರುವ ಹೊಸ ನಿರ್ದೇಶಕ ಎಂಟಕ್ಕೇ ಫೋನ್ ಮಾಡಿದ್ದ. ಹೆಸರು ಫ್ಲಾವಿಯೋ. ನನ್ನ ನಾಟಕ ಓದಿದನಂತೆ, ತುಂಬ ಹಿಡಿಸಿತಂತೆ, ಒಂದೇ ಒಂದು ಸಣ್ಣ ಬದಲಾವಣೆಯಂತೆ. ಮೂವತ್ತೊಂದು ವರ್ಷ, ಹಿಂದೆ ಗ್ರೀಕರು ಕಟ್ಟಿದ ಈ ಊರಿನ ಮಕ್ಕಳಿಗೆ ಗ್ರೀಕ್, ಲ್ಯಾಟಿನ್ ಎರಡನ್ನೂ ಕಲಿಸಿದ್ದೇನೆ. ಸಣ್ಣ ಬದಲಾವಣೆ ಎನ್ನುವವರು ಕೊಡಲಿ ಹಿಡಿದೇ ಬಂದಿರುತ್ತಾರೆ, ಗೊತ್ತು.

ದೂತನನ್ನು ತೆಗೆಯಬೇಕಂತೆ.

ದೂತನನ್ನು ತೆಗೆದರೆ ಉಳಿಯುವುದೇನು? ಹತ್ತೊಂಬತ್ತು ವರ್ಷದಿಂದ ಪ್ರತಿ ಮೇ ತಿಂಗಳು ಗುಡ್ಡದ ಮೇಲಿನ ಕಲ್ಲುರಂಗದಲ್ಲಿ ಇದನ್ನೇ ಆಡುತ್ತಿದ್ದೇವೆ. ಹಳೆಯ ಗ್ರೀಕರ ಅಚ್ಚಿನಲ್ಲಿ ನಾನೇ ಬರೆದದ್ದು. ರಾಣಿ ಬಾಗಿಲಲ್ಲಿ ಕೂತಿರುತ್ತಾಳೆ. ಬಂದರಿನಲ್ಲಿ ರಾಜನ ಹಡಗಿಗೆ ಬೆಂಕಿ. ಆ ಬೆಂಕಿಯನ್ನು ಯಾರೂ ನೋಡುವುದಿಲ್ಲ. ದೂತ ಓಡಿ ಬರುತ್ತಾನೆ, ನಿಂತು ಹೇಳುತ್ತಾನೆ. ಮೇಳದ ಹೆಂಗಸರು ಸುತ್ತ ನಿಂತು ಕೇಳುತ್ತಾರೆ. ಅಷ್ಟೇ ನಾಟಕ. ಅಷ್ಟಕ್ಕೇ ಊರು ಅಳುತ್ತದೆ.

ಈಗ ರಾಜನನ್ನು ಎಲ್ಲರ ಕಣ್ಣೆದುರು ಸುಡಬೇಕಂತೆ. ರೋಮಿನವರ ಹಾಗೆ. ಅವನ ಹತ್ತಿರ ಒಳ್ಳೆಯ ಲೈಟ್‌ಗಳಿವೆಯಂತೆ.

ಒಲೆ ಉಜ್ಜಬೇಕು.

ಎಪ್ರಿಲ್ 11, ಶನಿವಾರ. ಸಂಜೆ

ಬಂದ. ಬಿಳಿ ಬೂಟು. ಸಭ್ಯ ಹುಡುಗ, ಅದೇ ಇನ್ನೂ ತಲೆನೋವು. ಒರಟನಾಗಿದ್ದರೆ ಬೈದು ಕಳಿಸಬಹುದಿತ್ತು.

ಕಲ್ಲುರಂಗ ತೋರಿಸಿದೆ. ಮೇಳ ಕುಣಿಯುತ್ತಿದ್ದ ಅಂಗಳ ಗ್ರೀಕರ ಕಾಲದಲ್ಲಿ ಪೂರ್ತಿ ದುಂಡಗಿತ್ತು. ರೋಮಿನವರು ಬಂದು ಅರ್ಧಕ್ಕೆ ಕತ್ತರಿಸಿ ಗಣ್ಯರಿಗೆ ಕುರ್ಚಿ ಹಾಕಿಸಿದರು. ಕಲ್ಲಿನಲ್ಲಿ ಇವತ್ತಿಗೂ ಆ ಗಾಯ ಕಾಣುತ್ತದೆ. ನೋಡಪ್ಪ, ನಿಮ್ಮವರು ಮಾಡಿದ್ದು ಇದು ಎಂದೆ. ನಕ್ಕ. ನಗುವ ಮಾತಾಗಿರಲಿಲ್ಲ.

ಕಾಫಿ ಅಂಗಡಿಯಲ್ಲಿ ಬಾದಾಮಿ ಗ್ರಾನಿಟಾದ ಐಸು ಕರಗುವವರೆಗೂ ವಾದ. ಗ್ರೀಕರಿಗೆ ರಕ್ತದ ಹೆದರಿಕೆಯಿತ್ತು, ಅದಕ್ಕೇ ಕೊಲೆಯನ್ನು ಬಾಗಿಲ ಹಿಂದೆ ಇಟ್ಟರು ಎಂದ. ಮೈ ಉರಿಯಿತು. ಹೆದರಿಕೆಯಲ್ಲ ಮಗನೇ, ಮರ್ಯಾದೆ. ಸಾಯುವವನನ್ನು ಕೂತು ತಮಾಷೆ ನೋಡಬಾರದು ಎಂದು. ನಿಮ್ಮ ರೋಮಿನಲ್ಲಿ ಕಣಕ್ಕಿಳಿಸಿ ಮನುಷ್ಯರನ್ನು ನಿಜವಾಗಿಯೇ ಕೊಲ್ಲುತ್ತಿದ್ದರು. ಅಲ್ಲಿ ಕೂತು ಎದ್ದು ಬಂದ ಜನಕ್ಕೆ ನಾಟಕದಲ್ಲೂ ಕರುಳು ಕಾಣಬೇಕಾಯಿತು. ಮತ್ತೆ ಮೇಳ? ನಿಮ್ಮ ಮೇಳ ಹಾಡು ಮುಗಿಸಿ ಒಳಗೆ ಹೋಗುತ್ತದೆ. ನಮ್ಮ ಮೇಳ ಬಂತೆಂದರೆ ಬಂತು, ನೊಂದವಳನ್ನು ಬಿಟ್ಟು ಕದಲುವುದಿಲ್ಲ. ಇಷ್ಟೂ ಒಂದೇ ಉಸಿರಿಗೆ ಹೇಳಿದೆ. ಅಂಗಡಿಯವನು ರೇಡಿಯೋ ಸಣ್ಣದು ಮಾಡಿದ.

ಅವನು ಚಮಚ ಕೆಳಗಿಟ್ಟು ಕೇಳಿದ:

“ಅದೆಲ್ಲ ಸರಿ ಮೇಡಂ. ರೋಮಿನವರು ತೋರ್ಸ್ಬಿಟ್ರು, ಸುಳ್ಳಿಗೆ ಜಾಗ ಇಲ್ಲ. ನಿಮ್ಮ ದೂತ ಸುಳ್ಳು ಹೇಳಿದ್ರೆ ರಾಣಿ ಏನ್ ಮಾಡ್ತಾಳೆ?”

ದೂತ ಸುಳ್ಳು ಹೇಳುವುದಿಲ್ಲ ಎಂದೆ. ಹೇಳುವವನಿದ್ದಾನೆ ಒಬ್ಬ, ಹಳೆಯದೊಂದು ನಾಟಕದಲ್ಲಿ. ಆದರೆ ಅದು ಸುಳ್ಳೆಂದು ನೋಡುವವರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದವಳು ರಂಗದ ಮೇಲಿನ ಹೆಣ್ಣು ಮಾತ್ರ. ಅವನು ತಲೆಯಾಡಿಸಿ ಬರೆದುಕೊಂಡ. ಪಾಠ ನಾನು ಹೇಳುವುದು, ಗೆಲ್ಲುವುದು ಅವನು.

ಹಬ್ಬದ ಸಮಿತಿ ಅವನ ಕಡೆಗಿದೆ. ಲೈಟ್‌ಗಳಂತೆ, ಲೈಟ್‌ಗಳು.

ಎಪ್ರಿಲ್ 14, ಮಂಗಳವಾರ

ಯಾನುವಿಗೆ ಹೇಳಬೇಕಾದ ಕೆಲಸ ನನ್ನ ಪಾಲಿಗೆ ಬಂತು. ಹತ್ತೊಂಬತ್ತು ವರ್ಷವೂ ಅವನೇ ದೂತ. ಬೇರೆ ಯಾರನ್ನು ಹಾಕಲಿ? ಎಣ್ಣೆ ರಿಫೈನರಿಯ ಬೆಂಕಿಯಲ್ಲಿ ನನ್ನ ಗಂಡ ಸಾಂತೋ ಹೋದ ದಿನ ಅಲ್ಲಿಂದ ನನ್ನ ಬಾಗಿಲಿಗೆ ಬಂದವನೂ ಅವನೇ. ಸಾಂತೋ ಕೈಕೆಳಗೆ ಕೆಲಸ ಕಲಿಯುತ್ತಿದ್ದ, ಆಗ ಇಪ್ಪತ್ತೆರಡು. ನಾನು ಮೆಟ್ಟಿಲ ಮೇಲೆ ಕೂತು ಹಸಿ ಕಾಳು ಬಿಡಿಸುತ್ತಿದ್ದೆ. ಗೋಪುರದ ಗಂಟೆ ಹತ್ತೂವರೆ ಹೊಡೆದಿತ್ತು. ಮಗಳು ಮಾರ್ತಾ ಹೊಟ್ಟೆಯಲ್ಲಿ ಐದು ತಿಂಗಳು. ಅವನು ಹೇಳಿದ್ದನ್ನೇ ಅಕ್ಷರ ಬಿಡದೆ ದೂತನ ಬಾಯಿಗೆ ಹಾಕಿದ್ದೇನೆ — “ಒಂದೇ ಕ್ಷಣ. ನೋಯಲಿಕ್ಕೂ ಪುರುಸೊತ್ತಿರಲಿಲ್ಲ.” ಆ ಒಂದು ಸಾಲಿನ ಮೇಲೆ ಮೂವತ್ತನಾಲ್ಕು ವರ್ಷ ಬದುಕಿದ್ದೇನೆ.

ತಮಾಷೆ ಏನೆಂದರೆ ಅದೇ ಸಾಲು ಅವನಿಗೆ ಪ್ರತಿ ವರ್ಷ ಮರೆತುಹೋಗುತ್ತದೆ. ಉಳಿದದ್ದೆಲ್ಲ ನೀರು ಕುಡಿದ ಹಾಗೆ, ಅಲ್ಲಿಗೆ ಬಂದರೆ ಬಾಯಿ ಕಟ್ಟುತ್ತದೆ. ನಾನು ಕಂಬದ ಹಿಂದಿನಿಂದ ಪಿಸುಗುಟ್ಟಬೇಕು. ಆಮೇಲೆ ಬೈಯಬೇಕು. ಹತ್ತೊಂಬತ್ತು ಸಲ ಬೈದಿದ್ದೇನೆ.

ದೂತನನ್ನು ತೆಗೆದಿದ್ದಾರೆ ಎಂದೆ. ಜಗಳಕ್ಕೆ ನಿಲ್ಲುತ್ತಾನೆ, ಇಬ್ಬರೂ ಸೇರಿ ಸಮಿತಿಯವರ ಜುಟ್ಟು ಹಿಡಿಯೋಣ ಎಂದುಕೊಂಡಿದ್ದೆ. ಅವನು ಕುರ್ಚಿಗೆ ಕುಸಿದು, “ದೇವ್ರು ದೊಡ್ಡೋನು ಅತ್ತಿಗೆ” ಅಂದ. ಮುಖದಲ್ಲಿ ಎಂಥ ನಿರಾಳ! ಕೃತಘ್ನ. ಬಾಗಿಲು ಬಡಿದು ಬಂದೆ.

ಎಪ್ರಿಲ್ 17, ಶುಕ್ರವಾರ

ಸುಡುವ ರಾಜನ ಪಾತ್ರಕ್ಕೆ ಯಾನುವನ್ನೇ ಆರಿಸಿದ್ದಾನೆ ಫ್ಲಾವಿಯೋ. ಬೇಡ ಬೇಡ ಎಂದನಂತೆ, ಬಿಡಲಿಲ್ಲವಂತೆ. ಮಾತು ಬರೆದುಕೊಡುವುದಿಲ್ಲವಂತೆ, ಬೆಂಕಿಯಲ್ಲಿ ಏನು ಬಾಯಿಗೆ ಬರುತ್ತದೋ ಅದೇ ಮಾತು. ನಾಟಕ ಬರೆಯುವ ಕೆಲಸ ಇಷ್ಟು ಸುಲಭ ಎಂದು ಗೊತ್ತಿದ್ದರೆ ನಾನೂ ಬೆಂಕಿ ಹಚ್ಚಿ ಸುಮ್ಮನಿರುತ್ತಿದ್ದೆ.

ನಾಳೆ ರಿಹರ್ಸಲ್. ಹೋಗುವುದಿಲ್ಲ.

ಎಪ್ರಿಲ್ 18, ಶನಿವಾರ. ಮಧ್ಯಾಹ್ನ

ಹೋದೆ.

ಮೇಲಿನ ಸಾಲಿನಲ್ಲಿ ಕೂತೆ, ಚೆನ್ನಾಗಿಲ್ಲ ಎನ್ನಲು ತಯಾರಾಗಿ. ಬಿಸಿಲಿನಲ್ಲಿ ಅವನ ಲೈಟ್ ಕಾಣಲೇ ಇಲ್ಲ, ಅಷ್ಟು ಸಮಾಧಾನ. ಯಾನು ಕಲ್ಲಿನ ಮೇಲೆ ಬಿದ್ದ. ಮೊದಲು ಸುಮ್ಮನೆ ನರಳಿದ, ಕೆಟ್ಟ ನಟನೆ. ಫ್ಲಾವಿಯೋ ಮತ್ತೆ ಎಂದ, ಮತ್ತೆ ಎಂದ. ಮೂರನೆಯ ಸಲ ಯಾನು ನಟಿಸುವುದನ್ನು ನಿಲ್ಲಿಸಿದ. ಎದ್ದು ಕೂರಲು ನೋಡಿದ. ನೀರು ಕೇಳಿದ. ಬಾಗಿಲು ತೆಗೆದಿಡಿ ಎಂದ. ಆಮೇಲೆ, ತೀರ ಸಣ್ಣ ದನಿಯಲ್ಲಿ —

“ಕಹಿ ಬಾದಾಮಿ ಎಲ್ಲಿ? ಕಹಿ ಬಾದಾಮಿನ ಕರಿ.”

ಅದು ನನ್ನ ಹೆಸರು. ಸಾಂತೋ ಇಟ್ಟದ್ದು, ನನ್ನ ಬಾಯಿಗೆ ಹೆದರಿ. ಬಾಗಿಲು ಹಾಕಿದ ಮೇಲೆ ಮಾತ್ರ ಕರೆಯುತ್ತಿದ್ದ. ನನ್ನ ತಾಯಿಗೂ ಗೊತ್ತಿರಲಿಲ್ಲ. ಮಗಳಿಗೆ ಇವತ್ತಿಗೂ ಗೊತ್ತಿಲ್ಲ.

ಯಾನುವಿಗೆ ಹೇಗೆ ಗೊತ್ತು?

ಒಂದೇ ಕ್ಷಣದಲ್ಲಿ ಸತ್ತವನು ಇದನ್ನು ಅವನಿಗೆ ಯಾವಾಗ ಹೇಳಿದ?

ಅದೇ ದಿನ. ನಾಲ್ಕು ಗಂಟೆ

ಯಾನು ಮನೆಯಲ್ಲಿಲ್ಲ. ರಿಹರ್ಸಲ್‌ನಿಂದ ವೇಷದಲ್ಲೇ ಗಾಡಿ ಹತ್ತಿ ಹೋದನಂತೆ. ಫೋನ್ ಎತ್ತುತ್ತಿಲ್ಲ.

ಎಪ್ರಿಲ್ 20, ಸೋಮವಾರ. ಬೆಳಿಗ್ಗೆ

ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಸಾಂತೋ ಕಾಗದಪತ್ರ ಅದರಲ್ಲಿವೆ. ಎಲ್ಲ ಎದುರುಮನೆಯ ಒರ್ಸೊಲಾಳ ಗಂಡನೇ ಓಡಾಡಿ ಮಾಡಿಸಿ ತಂದದ್ದು, ನಗರಸಭೆಯಲ್ಲಿ ಗುಮಾಸ್ತನಾಗಿದ್ದ, ಪುಣ್ಯಾತ್ಮ. ನಾನು ಒಂದನ್ನೂ ಬಿಡಿಸಿರಲಿಲ್ಲ. ಓದಿದರೆ ನಿಜವಾಗಿಬಿಡುತ್ತದೆ ಎಂದು. ಶವಪೆಟ್ಟಿಗೆಗೆ ಮೊಳೆ ಹೊಡೆದೇ ತಂದಿದ್ದರು, ಅದನ್ನೂ ತೆಗೆಸಲಿಲ್ಲ. ಎರಡು ಸಾವಿರ ವರ್ಷದ ಹಿಂದಿನ ಶಾಸನದ ಅಳಿಸಿದ ಅಕ್ಷರ ಓದಿಸುತ್ತಿದ್ದವಳು, ಮಕ್ಕಳೇ ಮೂಲ ನೋಡಿ, ಮೂಲ ನೋಡಿ ಎಂದು ಬೊಬ್ಬೆ ಹೊಡೆಯುತ್ತಿದ್ದವಳು, ನನ್ನ ಮನೆಯ ಒಂದು ಹಾಳೆ ಓದಿಲ್ಲ. ನಾಚಿಕೆಯಾಗಬೇಕು ನನಗೆ.

ಮರಣ ಪತ್ರ. ಹೆಸರು ಸರಿ. ದಿನ ಸರಿ. ಸ್ಥಳ: ಆಸ್ಪತ್ರೆ.

ಸಮಯ: ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ.

ಯಾನು ಬಂದದ್ದು ಹತ್ತೂವರೆಗೆ.

ಎಪ್ರಿಲ್ 21, ಮಂಗಳವಾರ

ಒರ್ಸೊಲಾ ಮನೆಗೆ ಹೋದೆ. ಎಪ್ಪತ್ತನಾಲ್ಕು ವಯಸ್ಸು, ನಮ್ಮ ಮೇಳದ ಹಿರಿಯಳು. ಹತ್ತೊಂಬತ್ತು ವರ್ಷದಿಂದ ನನ್ನ ರಾಣಿಯ ಹೆಗಲ ಮೇಲೆ ಕೈಯಿಟ್ಟು ನಿಲ್ಲುವವಳು. ಸಾಂತೋ ಹೋದಾಗ ಮೂರು ದಿನ ನನ್ನ ಒಲೆ ಹಚ್ಚಲು ಬಿಡದೆ ಸಾರು ತಂದು ಕುಡಿಸಿದವಳೂ ಅವಳೇ. ಕಾಗದವನ್ನು ಅವಳ ಹಿಟ್ಟಿನ ಮೇಲೆಯೇ ಇಟ್ಟೆ. ನೋಡಿದಳು. ಕೈ ಒರೆಸಿಕೊಂಡಳು. ಅಳಲಿಲ್ಲ, ಅದಕ್ಕೆ ಅವಳನ್ನು ಮೆಚ್ಚಬೇಕು.

ಯಾನು ಅವತ್ತು ಸುದ್ದಿ ಹೇಳಲು ಬಂದದ್ದಲ್ಲವಂತೆ. ನನ್ನನ್ನು ಕರೆದುಕೊಂಡು ಹೋಗಲು ಬಂದದ್ದಂತೆ. ಕರೆತಾ ಎಂದು ಸಾಂತೋ ಕಳಿಸಿದ್ದನಂತೆ. ಗಾಡಿ ಕೆಳಗೆ ನಿಂತಿತ್ತು. ಬೀದಿಯ ತಿರುವಿನಲ್ಲೇ ಇವಳು ತಡೆದಳು.

“ಎರಡು ಬಸಿರು ಕಳ್ಕೊಂಡಿದ್ದೆ ನೀನು, ಅದು ಮೂರನೇದು. ಆ ಸುಟ್ಟ ಮೈ ನೋಡಿದ್ರೆ ಅದೂ ಹೋಗ್ತಿತ್ತು. ಮುಗಿದುಹೋಯ್ತು ಅಂತ ಹೇಳು, ನೋವಾಗ್ಲಿಲ್ಲ ಅಂತ ಹೇಳು ಅಂದೆ ಆ ಹುಡುಗಂಗೆ. ಅವನು ಒಲ್ಲೆ ಅಂದ. ಕೆನ್ನೆಗೆ ಹೊಡೆದು ಹೇಳ್ಸಿದೀನಿ ವೆನೆರಾ. ಬೈಯೋದಿದ್ರೆ ನನ್ನ ಬೈ.”

ಇನ್ಯಾರಿಗೆ ಗೊತ್ತು ಎಂದೆ. ಕಿಟಕಿಯಾಚೆ ಬೀದಿಯ ಕಡೆ ಕೈ ತೋರಿಸಿದಳು. ಅಂದರೆ ಎಲ್ಲರಿಗೂ. ಮೇಳದ ಏಳೂ ಜನಕ್ಕೆ. ಅಂಗಡಿಯವನಿಗೆ, ಪಾದ್ರಿಗೆ, ರಿಫೈನರಿಯಲ್ಲಿ ದುಡಿಯುವ ಅರ್ಧ ಊರಿಗೆ. ಪ್ರತಿ ಮೇ ತಿಂಗಳು ಕಲ್ಲಿನ ಮೇಲೆ ಸಾಲಾಗಿ ಕೂತು ಅತ್ತದ್ದು ರಾಣಿಗಲ್ಲ. ಆ ಸುಳ್ಳನ್ನು ನಂಬಿ ನಾಟಕ ಬರೆದು, ಕಂಬದ ಹಿಂದೆ ನಿಂತು ಪಿಸುಗುಟ್ಟುತ್ತಿದ್ದ ನನಗೆ.

ಗೊತ್ತಿಲ್ಲದವಳು ರಂಗದ ಮೇಲಿನ ಹೆಣ್ಣು ಮಾತ್ರ. ನಾನೇ ಹೇಳಿಕೊಟ್ಟ ಪಾಠ.

ಎಪ್ರಿಲ್ 22, ಬುಧವಾರ

ಹತ್ತೂವರೆಯಿಂದ ಎರಡೂ ಇಪ್ಪತ್ತು. ಸುಮಾರು ನಾಲ್ಕು ಗಂಟೆ. ಗಾಡಿಯಲ್ಲಿ ಆಸ್ಪತ್ರೆ ಐವತ್ತು ನಿಮಿಷ. ಕೈ ಹಿಡಿದು ಕೂರಲು ಮೂರು ಗಂಟೆ ನನಗೆ ಉಳಿದಿತ್ತು. ಆ ಮೂರು ಗಂಟೆ ನಾನು ಮನೆಯಲ್ಲಿ ಕೂತು, ಬದುಕಿದ್ದ ಗಂಡನಿಗಾಗಿ ಅತ್ತಿದ್ದೆ.

ಎಪ್ರಿಲ್ 29, ಬುಧವಾರ

ಒಂದು ವಾರ ಏನೂ ಬರೆದಿಲ್ಲ. ಒರ್ಸೊಲಾ ಬಾಗಿಲಲ್ಲಿಟ್ಟ ರೊಟ್ಟಿ ಹಾಗೇ ಹಿಂದಕ್ಕೆ ಕಳಿಸಿದೆ.

ಫ್ಲಾವಿಯೋ ಬಂದಿದ್ದ. ಅವನಿಗೆ ಊರವರು ಯಾರೋ ಹೇಳಿದ್ದಾರೆ, ಈ ಊರಿನಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಎಲ್ಲ ಹೇಳುತ್ತಾರೆ. ಬಿಳಿ ಬೂಟು ಹೊರಗೆ ಬಿಟ್ಟು ಬಂದ. ಬೆಂಕಿಯ ದೃಶ್ಯ ತೆಗೆದುಹಾಕುತ್ತೇನೆ ಮೇಡಂ ಎಂದ. ಅವನ ಮೇಲೂ ಸಿಟ್ಟು ಬಂತು. ಈಗ ಯಾಕೆ ತೆಗೆಯುತ್ತೀಯ? ನಿನ್ನ ರೋಮಿನವರು ತೋರಿಸುತ್ತಾರೆ. ನಮ್ಮ ಗ್ರೀಕರು ಮರೆಮಾಡುತ್ತಾರೆ, ಆದರೆ ಕೊನೆಯ ಉಸಿರಿನವರೆಗೆ ಬಿಡದೆ ಹೇಳುತ್ತಾರೆ. ಮರೆಮಾಡುವ ಹಕ್ಕು ಅವರಿಗೆ ಬಂದದ್ದೇ ಹೇಳುವುದರಿಂದ. ನನಗೆ ತೋರಿಸಲೂ ಇಲ್ಲ, ಹೇಳಲೂ ಇಲ್ಲ. ನಾನು ಯಾವ ನಾಟಕದವಳು ಹೇಳು ಎಂದೆ. ಪಾಪ, ತಲೆ ತಗ್ಗಿಸಿ ಕೂತಿದ್ದ. ಕಾಫಿ ಮಾಡಿಕೊಟ್ಟೆ.

ಅವನು ಹೋದ ಮೇಲೆ ಮಾರ್ತಾ ಔಷಧಿ ಅಂಗಡಿ ಮುಚ್ಚಿ ಊಟಕ್ಕೆ ಬಂದಳು. ಮೂವತ್ತಮೂರು ವರ್ಷ, ಅಪ್ಪನದೇ ಕಿವಿ. ರಕ್ತದೊತ್ತಡ ನೋಡಿ ಗದರಿದಳು. ಇವಳು ಎದುರಿಗೆ ಕೂತು ಬ್ರೆಡ್ ಮುರಿಯುತ್ತಿದ್ದರೆ ಒರ್ಸೊಲಾ ಮೇಲಿನ ಸಿಟ್ಟನ್ನು ಎಲ್ಲಿ ಇಡಲಿ? ಅವಳು ಮಾಡಿದ್ದು ಸರಿಯಿರಬಹುದು. ಮೂವತ್ತನಾಲ್ಕು ವರ್ಷ ಸುಮ್ಮನಿದ್ದದ್ದು ಸರಿಯಲ್ಲ. ಮಗು ಹುಟ್ಟಿದ ಮಾರನೆಯ ದಿನ ಹೇಳಬಹುದಿತ್ತು. ಅದನ್ನು ಮಾತ್ರ ಕ್ಷಮಿಸುವುದಿಲ್ಲ.

ಮೇ 2, ಶನಿವಾರ

ತನ್ನ ಅಕ್ಕನ ಊರಿಗೆ ಹೋಗಿದ್ದ ಯಾನು ಮರಳಿದ್ದಾನಂತೆ. ಚೀಟಿ ಕಳಿಸಿದೆ: ನಾಳೆ ಬೆಳಿಗ್ಗೆ ಹತ್ತೂವರೆಗೆ ನನ್ನ ಬಾಗಿಲಿಗೆ ಬಾ. ದೂತನಾಗಿ ಬಾ. ನಿಂತುಕೊಂಡು ಹೇಳಬೇಕು, ನಾನು ಕೂತು ಕೇಳುತ್ತೇನೆ. ಏನೂ ಬಿಡಬಾರದು.

ಒರ್ಸೊಲಾಳ ಬಾಗಿಲು ತಟ್ಟಿ ನಾಳೆ ನನ್ನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಹೇಳಿ ಬಂದೆ. ಅರ್ಥವಾಯಿತು ಅವಳಿಗೆ. ಈ ಊರಿನಲ್ಲಿ ಆ ಮಾತಿಗೆ ಒಂದೇ ಅರ್ಥ: ಸಾವಿನ ಮನೆ.

ಫ್ಲಾವಿಯೋಗೆ ಫೋನ್. ದೂತ ವಾಪಸ್ ಬರುತ್ತಾನೆ, ಮಾತು ಹಳೆಯದಲ್ಲ, ಜಾಗ ಬಿಟ್ಟಿರು.

ಮೇ 3, ಭಾನುವಾರ. ಬೆಳಿಗ್ಗೆ

ಒಲೆ ತಣ್ಣಗಿದೆ. ಕಾಫಿಯೂ ಇಲ್ಲ.

ಮೇಳ ಬಂದಿದೆ. ಏಳೂ ಜನ, ಕಪ್ಪು ಶಾಲು, ಮುಚ್ಚಿದ ಪಾತ್ರೆಗಳು. ಒರ್ಸೊಲಾ ಕೋಳಿ ಸಾರು ತಂದಿದ್ದಾಳೆ, ಅವತ್ತಿನದೇ ಪಾತ್ರೆ, ಕಿವಿ ಮುರಿದದ್ದು. ಯಾರೂ ಕೂರುತ್ತಿಲ್ಲ. ಗೋಡೆಗೆ ಆತು ನಿಂತಿದ್ದಾರೆ. ಮಾರ್ತಾಳನ್ನೂ ಕರೆಸಿದ್ದೇನೆ. ಅವಳಿಗೆ ನಿನ್ನೆ ಎಲ್ಲ ಹೇಳಿದೆ, ನನ್ನ ಆ ಹೆಸರನ್ನೂ. ನನ್ನ ಪಕ್ಕದಲ್ಲಿ ಕೂತಿದ್ದಾಳೆ. ಪುಸ್ತಕ ತೊಡೆಯ ಮೇಲಿದೆ, ಅವನು ಹೇಳುವುದನ್ನು ಹೇಳಿದ ಹಾಗೆ ಬರೆದುಕೊಳ್ಳಬೇಕು. ಈ ಸಲ ನಾನು ಒಂದು ಸಾಲೂ ಪಿಸುಗುಟ್ಟುವುದಿಲ್ಲ.

ಗೋಪುರದ ಗಂಟೆ.

ಬಂದ. ಹೊಸ್ತಿಲಲ್ಲಿ ನಿಂತಿದ್ದಾನೆ. ತಲೆ ಪೂರ್ತಿ ಬೆಳ್ಳಗಾಗಿದೆ, ನಾನು ಗಮನಿಸಿಯೇ ಇರಲಿಲ್ಲ. ನೀರು ಕೇಳಿದ. ಒರ್ಸೊಲಾ ಕೊಟ್ಟಳು. ಕುಡಿದ. ಹೇಳು ಎಂದೆ.

“ಅತ್ತಿಗೆ, ನಿಮಗೆ ಹಾಗೆ ಹೇಳಿ ನಾನು ವಾಪಸ್ ಆಸ್ಪತ್ರೆಗೆ ಹೋದೆ. ಸಾಂತಣ್ಣ ಬಾಗ್ಲ ಕಡೆನೇ ನೋಡ್ತಾ ಮಲಗಿದ್ರು. ಎಲ್ಲಿ ಅಂದ್ರು. ಬರ್ತಿದಾರೆ ಅಣ್ಣ, ಮೆಟ್ಲು ಹತ್ತುತಾ ಇದಾರೆ ಅಂದೆ. ಅವರು ನಂಬಿದ್ರು ಅತ್ತಿಗೆ. ಕೂದ್ಲು ಸರಿ ಮಾಡು ಅಂದ್ರು. ಸರಿ ಮಾಡೋಕೆ ಕೂದ್ಲೇ ಇರ್ಲಿಲ್ಲ. ನಾನು ಸುಮ್ನೆ ಕೈ ಆಡಿಸ್ದೆ. ಎರಡು ಗಂಟೆ ಹೊತ್ತಿಗೆ ಹೊರಗೆ ಯಾರದೋ ಚಪ್ಪಲಿ ಸದ್ದಾಯ್ತು. ಅಣ್ಣ ಕಣ್ ಬಿಟ್ಟು, ಬಂದ್ಲು ಅಂತ ಅಂದ್ರು. ಅಷ್ಟೇ ಅತ್ತಿಗೆ, ಆಮೇಲೆ ಉಸಿರಿಲ್ಲ.”