ದೊಕ್ಕಿಯ ಎರಡು ಚುಕ್ಕೆ

ಅಕ್ಟೋಬರ್ 12, ಭಾನುವಾರ

ಮತ್ತೆ ಟೀವಿಯವರು ನಮ್ಮ ಕೈರೋ ರಕ್ತದಾನಿಗಳ ಸೈಟಿನ ಹೆಸರು ಹೇಳಿದರು. ಮತ್ತೆ ಸೈಟು ಮಲಗಿತು. ಅಷ್ಟು ಜನ ಒಟ್ಟಿಗೆ ಬಂದರೆ ಹಳೆ ಸರ್ವರ್‌ಗೆ ಉಸಿರು ಕಟ್ಟುತ್ತದೆ. ಸಾಕಪ್ಪಾ ಸಾಕು. ಈ ವಾರವೇ ಎಲ್ಲವನ್ನೂ ಕ್ಲೌಡ್‌ಗೆ ಸಾಗಿಸುವುದು.

ತಂಗಿ ಇನಾಸ್‌ಗೆ ದಿನ ಹತ್ತಿರ. ಹೆರಿಗೆಯಲ್ಲಿ ತುಂಬ ರಕ್ತ ಹೋಗಬಹುದು ಅಂದಿದ್ದಾರೆ ಡಾಕ್ಟರ್. ಅವಳದು ಓ ನೆಗೆಟಿವ್, ಸಿಗುವುದೇ ಕಷ್ಟ. ಆ ಹೊತ್ತಿಗೆ ಸೈಟು ಮಲಗಿದ್ದರೆ?

ಅ. 16, ಗುರುವಾರ

ಸಾಗಿಸಿಯಾಯಿತು! ಜನ ಹೆಚ್ಚಿದರೆ ಸರ್ವರ್‌ಗಳೂ ತಾವಾಗಿ ಹೆಚ್ಚುತ್ತವೆ. ಡೇಟಾಬೇಸಿನಲ್ಲಿ ಒಂದು ಹೆಸರೂ ಕಳೆದಿಲ್ಲ. ಆದರೂ ಮನಸ್ಸು ನಿಲ್ಲುತ್ತಿಲ್ಲ. ಏನೋ ಮರೆತ ಹಾಗೆ... ಚಹಾ ಆರಿಹೋಯಿತು.

ಅ. 21

ಆಫೀಸಿನಲ್ಲಿ ಪಕ್ಕದ ಕುರ್ಚಿಯ ವಗ್ದಿ, ಬಾಯಿತುಂಬ ಫಲಾಫಲ್ ವಡೆ: "ಇಂಜಿನಿಯರಮ್ಮಾ, ನಿನ್ನ ಕ್ಲೌಡ್ ಬಂದ್ಮೇಲೆ ನನ್ನ ರಕ್ತ ಯಾರಿಗೂ ಬೇಡ್ವಾಯ್ತು ನೋಡು. ಒಂದೂ ಫೋನಿಲ್ಲ!"

"ನಿನ್ನ ಈರುಳ್ಳಿ ವಾಸ್ನೆಗೆ ಹೆದರಿರ್ಬೇಕು ಕಣೋ."

ಅ. 23, ಮಧ್ಯಾಹ್ನ 3

ದೊಕ್ಕಿ ಬಡಾವಣೆಯ ಆಸ್ಪತ್ರೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮಗು ಹುಟ್ಟಿತು, ಇನಾಸ್‌ಗೆ ರಕ್ತ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಆ ಗುಂಪಿನದು ಖಾಲಿ. ಸೈಟು ತೆರೆದೆ. ಓ ನೆಗೆಟಿವ್, ದೊಕ್ಕಿ. 'ಯಾರೂ ಇಲ್ಲ.' ಇಷ್ಟು ದೊಡ್ಡ ಬಡಾವಣೆಯಲ್ಲಿ ಒಬ್ಬರೂ ಇಲ್ಲವೇ? ಥಟ್ಟನೆ ಹೊಳೆಯಿತು — ವಗ್ದಿ ದೊಕ್ಕಿಯವನು. ಅವನಿಗೆ ದಾನ ಕೇಳುವ ಫೋನ್ ನಿಂತಿದ್ದು ನಾನು ಸೈಟು ಸಾಗಿಸಿದ ಮೇಲೆ... ಅವನಿಗೇ ಫೋನ್ ಮಾಡಿದೆ.

"ನಿನ್ನ ಗ್ರೂಪ್ ಯಾವ್ದೋ?"

"ಓ ನೆಗೆಟಿವ್. ಯಾಕೆ, ಮದ್ವೆ ಆಗ್ತೀಯಾ?"

ಓಡಿ ಬಂದ. ಇನಾಸ್ ಉಳಿದಳು.

ಸಂಜೆ 6

ತಪ್ಪು ಸಿಕ್ಕಿತು. ಅರಬಿಯಲ್ಲಿ ದೊಕ್ಕಿ ಅಂತ ಬರೆಯುವಾಗ ಕೊನೆಯ ಅಕ್ಷರದ ಕೆಳಗೆ ಎರಡು ಚುಕ್ಕೆ ಬೇಕು. ಕೈರೋದವರು ನಾವು ಯಾವತ್ತು ಹಾಕಿದ್ದೇವೆ? ಹಳೆ ಡೇಟಾಬೇಸ್ ನಮ್ಮವನೇ, ಚುಕ್ಕೆ ಇದ್ದದ್ದು, ಇಲ್ಲದ್ದು ಎರಡನ್ನೂ ಒಂದೇ ಅಂದುಕೊಳ್ಳುತ್ತಿದ್ದ. ಹೊಸದಕ್ಕೆ ಅವು ಬೇರೆ ಬೇರೆ ಊರು. ಹುಡುಕುವವರು ಆರಿಸುವ ಬಡಾವಣೆಗಳ ಪಟ್ಟಿಯಲ್ಲಿ ನಾನು ಶಿಸ್ತಾಗಿ ಚುಕ್ಕೆ ಇಟ್ಟಿದ್ದೆ. ದಾನಿಗಳೆಲ್ಲ ಇಡದೆ ಬರೆದಿದ್ದರು.

ಸರಿಪಡಿಸಿದೆ. ವಗ್ದಿಯ ಹೆಸರಿನ ಕೊನೆಗೂ ಅದೇ ಅಕ್ಷರ; "ಮಗೂಗೆ ನನ್ನ ಹೆಸ್ರೇ ಇಡಿ, ಚುಕ್ಕೆ ಮಾತ್ರ ಮರೀಬೇಡಿ" ಅಂದ. ಇನಾಸ್ ಕೂಡ ನಕ್ಕಳು. ನನಗೆ ನಗು ಬರಲಿಲ್ಲ. ಒಂದು ವಾರ. ಈ ವಾರವಿಡೀ ದೊಕ್ಕಿಯಲ್ಲಿ ರಕ್ತ ಹುಡುಕಿದವರಿಗೆಲ್ಲ ನನ್ನ ಸೈಟು 'ಯಾರೂ ಇಲ್ಲ' ಅಂದಿದೆ. ಅವರ ಪಕ್ಕದ ಕುರ್ಚಿಯಲ್ಲಿ ವಗ್ದಿ ಇರಲಿಲ್ಲ.

ಹುಡುಕಿದವರ ನಂಬರ್‌ಗಳು ಸರ್ವರ್‌ನಲ್ಲಿ ಉಳಿದಿವೆ. ಮೊದಲನೆಯದಕ್ಕೆ ಫೋನ್ ಮಾಡಿದೆ. ಮುದುಕರ ದನಿ.

"ಅಪ್ಪಾಜಿ, ರಕ್ತದಾನಿಗಳ ಸೈಟಿಂದ... ದೊಕ್ಕಿಲಿ ದಾನಿಗಳಿದ್ದಾರೆ, ಈಗಲೂ ಬೇಕಾ?"



"ಈಗ ಹೇಳ್ತೀಯೇನಮ್ಮಾ?"

ಎರಡನೆಯ ನಂಬರ್—